ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಎದೆ ಯಾಕೆ ಡವಗುಟ್ಟುತ್ತದೆ?

ನಂಜನಗೂಡು ಸೀಮೆಯ ಹೆಂಗಸರು ಡಾಕ್ಟರ ಹತ್ತಿರ ಹೋಗುವಾಗ ಪ್ಲಾಸ್ಟಿಕ್ ಕವರಿನಲ್ಲಿ ಎರಡು ಜಾತಿಯ ಕಾಗದ ಇಟ್ಟುಕೊಂಡಿರುತ್ತಾರೆ. ಒಂದು ಸರ್ಕಾರಿ ಕಡೆಯದು: ತಾಯಿ ಕಾರ್ಡೋ, ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯೋ. ಅದರಲ್ಲಿ ಹಿಮೋಗ್ಲೋಬಿನ್ ಬರೆದಿರುತ್ತದೆ. ಇನ್ನೊಂದು ಪೇಟೆಯ ಖಾಸಗಿ ಲ್ಯಾಬಿನದು, ಅದರಲ್ಲಿ ಥೈರಾಯ್ಡ್ ಮಂದವಾದಷ್ಟೂ ಏರುವ ಟಿಎಸ್‌ಎಚ್. ಮೊದಲನೆಯದನ್ನು ನೋಡಿದವರು ‘ರಕ್ತ ಕಮ್ಮಿ’ ಅನ್ನುತ್ತಾರೆ, ಎರಡನೆಯದನ್ನು ನೋಡಿದವರು ‘ಥೈರಾಯ್ಡ್ ಇದೆ’ ಅನ್ನುತ್ತಾರೆ. ಎರಡನ್ನೂ ಒಂದೇ ಮೇಜಿನ ಮೇಲೆ ಬಿಡಿಸಿಟ್ಟು ಓದುವವರು ಕಡಿಮೆ. ಮೂರನೆಯ ಸಂಖ್ಯೆಯೊಂದಿದೆ: ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಎಂದು ಹೇಳುವ ಫೆರಿಟಿನ್. ಅದು ಎರಡು ಕಾಗದದಲ್ಲೂ ಇರುವುದಿಲ್ಲ.

ಈ ಲೇಖನದ ಪ್ರಶ್ನೆ ಆ ಮೂರನೆಯ ಸಂಖ್ಯೆಗೆ ಸಂಬಂಧಿಸಿದ್ದು. ಥೈರಾಯ್ಡ್ ಗ್ರಂಥಿ ಮಂದವಾಗಿದೆ ಎಂದು ಮಾತ್ರೆ ಶುರು ಮಾಡಿದ ಕೆಲವು ವಾರಗಳಲ್ಲಿ ಕೆಲವರಿಗೆ ಎದೆ ಡವಡವ ಅನ್ನತೊಡಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಕಿವಿಯಲ್ಲೇ ನಾಡಿ ಕೇಳಿಸುತ್ತದೆ. ಆಗ ಮನೆಯಲ್ಲಿ ‘ಮಾತ್ರೆ ಹೀಟು, ಬಿಟ್ಟುಬಿಡು’ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ‘ಡೋಸ್ ಜಾಸ್ತಿಯಾಗಿದೆ, ಅರ್ಧ ಮಾಡಿ’ ಅನ್ನಬಹುದು, ಇಲ್ಲವೇ ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸಬಹುದು. ಮೂರೂ ಕೆಲವೊಮ್ಮೆ ಸರಿಯೇ. ಕಬ್ಬಿಣದ ಲೆಕ್ಕ ನೋಡದೆ ಹೇಳಿದರೆ ಮಾತ್ರ ಮೂರೂ ಊಹೆ.

ಈ ಎರಡು ತೊಂದರೆ ಒಬ್ಬರಲ್ಲೇ ಸೇರುವುದು ಅಪರೂಪವೇನಲ್ಲ. ಬೆಂಗಳೂರೂ ಸೇರಿ ದೇಶದ ಎಂಟು ನಗರಗಳಲ್ಲಿ 5376 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 10.95 ಮಂದಿಗೆ ಥೈರಾಯ್ಡ್ ಮಂದತೆ ಕಂಡಿತ್ತು. ಅವರಲ್ಲಿ ಸುಮಾರು ಮೂರನೇ ಒಂದು ಪಾಲು ಜನಕ್ಕೆ ತಮಗೆ ಈ ತೊಂದರೆ ಇರುವುದೇ ಗೊತ್ತಿರಲಿಲ್ಲ. ಹಳ್ಳಿಯ ಲೆಕ್ಕ ಬೇರೆ ಇರಬಹುದು, ಆದರೆ ಅಯೋಡಿನ್ ಉಪ್ಪು ಎಲ್ಲರ ಅಡುಗೆಮನೆಗೂ ಬಂದ ಮೇಲೆ ನಮ್ಮಲ್ಲಿ ಈ ಕಾಯಿಲೆಯ ಮುಖ್ಯ ಕಾರಣ ಅಯೋಡಿನ್ ಕೊರತೆಯಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ತಿರುಗಿಬೀಳುವ ಹಶಿಮೊಟೊ ಕಾಯಿಲೆ ಈಗ ಮುಂದೆ ಬಂದಿದೆ. ಅದು ಗಂಡಸರಿಗಿಂತ ಹೆಂಗಸರಲ್ಲಿ ಎಷ್ಟೋ ಪಟ್ಟು ಹೆಚ್ಚು. ಇನ್ನು ರಕ್ತಹೀನತೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ಅದಿದೆ. ಬೆರಳ ತುದಿಯ ಹನಿ ರಕ್ತದಿಂದ ಅಳೆದ ಈ ಲೆಕ್ಕ ಹೆಚ್ಚಾಯಿತೆಂದು ವಾದಿಸುವ ತಜ್ಞರಿದ್ದಾರೆ, ಅವರ ವಾದದಲ್ಲಿ ಹುರುಳೂ ಇದೆ. ಅರ್ಧ ಕಳೆದರೂ ಉಳಿಯುವುದು ಸಣ್ಣ ಸಂಖ್ಯೆಯಲ್ಲ.

ಥೈರಾಯ್ಡ್ ಹಾರ್ಮೋನು ಮೈಯ ಪ್ರತಿ ಜೀವಕೋಶ ಎಷ್ಟು ಆಮ್ಲಜನಕ ಸುಡಬೇಕು ಎನ್ನುವುದನ್ನು ನಿಯಂತ್ರಿಸುತ್ತದೆ. ಅದು ಕಡಿಮೆಯಾದಾಗ ನಾಡಿ ನಿಧಾನ, ಚಳಿ ತಡೆಯದು, ಮುಖ ಊದುತ್ತದೆ, ಕೂದಲು ಉದುರುತ್ತದೆ, ಹೊಟ್ಟೆ ಕಟ್ಟುತ್ತದೆ. ಅಮೆರಿಕದ ಎಡ್ವರ್ಡ್ ಕೆಂಡಲ್ 1914ರ ಕ್ರಿಸ್‌ಮಸ್ ದಿನ ಬೇರ್ಪಡಿಸಿದ ಥೈರಾಕ್ಸಿನ್ ಎಂಬ ವಸ್ತುವನ್ನೇ ನಾವು ಇಂದು ನೂರು ಮಾತ್ರೆಯ ಡಬ್ಬಿಯಲ್ಲಿ ತರುತ್ತೇವೆ. ಪೂರ್ತಿ ಡೋಸು ತೂಕದ ಕಿಲೋ ಒಂದಕ್ಕೆ ಸುಮಾರು 1.6 ಮೈಕ್ರೋಗ್ರಾಂ. ವಯಸ್ಸಾದವರಿಗೆ, ಹೃದಯದ ತೊಂದರೆ ಇರುವವರಿಗೆ 12.5 ಅಥವಾ 25ರಿಂದ ಶುರು ಮಾಡಿ ಏರಿಸುತ್ತಾರೆ. ನುಂಗಿದ್ದರಲ್ಲಿ ಅರ್ಧ ಕರಗಿಹೋಗಲು ಏಳು ದಿನ ಬೇಕು. ಹಾಗಾಗಿ ಡೋಸು ಬದಲಿಸಿದ ಪರಿಣಾಮ ರಕ್ತದಲ್ಲಿ ನೆಲೆನಿಲ್ಲಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಹತ್ತನೇ ದಿನಕ್ಕೇ ಟಿಎಸ್‌ಎಚ್ ಮಾಡಿಸಿ ಗಾಬರಿಬೀಳುವುದು ದುಡ್ಡು ದಂಡ.

ಮಾತ್ರೆ ಕೆಲಸ ಮಾಡತೊಡಗಿದಂತೆ ಜೀವಕೋಶಗಳ ಬೇಡಿಕೆ ಏರುತ್ತದೆ. ಅದನ್ನು ಪೂರೈಸಬೇಕಾದ್ದು ಕೆಂಪು ರಕ್ತಕಣದ ಹಿಮೋಗ್ಲೋಬಿನ್, ಅದರ ನಡುವೆ ಕೂತಿರುವುದು ಕಬ್ಬಿಣ. ಕಬ್ಬಿಣವಿಲ್ಲದ ರಕ್ತ ಒಂದು ಸುತ್ತಿನಲ್ಲಿ ಸಾಗಿಸುವ ಆಮ್ಲಜನಕ ಕಡಿಮೆ, ಆದ್ದರಿಂದ ಹೃದಯ ಹೆಚ್ಚು ಸುತ್ತು ಹೊಡೆಯಬೇಕು. ಬೋರಿನಲ್ಲಿ ನೀರು ತಳ ಸೇರಿರುವಾಗ ಮೋಟಾರಿನ ಶಕ್ತಿ ಹೆಚ್ಚಿಸಿದರೆ ಏನಾಗುತ್ತದೆ ಎಂದು ಕಬಿನಿ ನಾಲೆ ತಲುಪದ ಹೊಲದ ರೈತರಿಗೆ ಹೇಳಿಕೊಡಬೇಕಿಲ್ಲ. ಥೈರಾಯ್ಡ್ ಮಂದವಾಗಿದ್ದಷ್ಟು ದಿನ ಬೇಡಿಕೆಯೇ ಕಡಿಮೆ ಇತ್ತು, ಕಬ್ಬಿಣದ ಕೊರತೆ ಮುಚ್ಚಿಹೋಗಿತ್ತು. ಚಿಕಿತ್ಸೆ ಅದನ್ನು ಬಯಲಿಗೆಳೆಯಿತು.

ಇದು ಬರೀ ತರ್ಕವಲ್ಲ ಎನ್ನಲು 2000ದಲ್ಲಿ ಮೇಯೊ ಕ್ಲಿನಿಕ್‌ನ ಪತ್ರಿಕೆಯಲ್ಲಿ ಬಂದ ವರದಿಯೊಂದಿದೆ. ಥೈರಾಕ್ಸಿನ್ ತೆಗೆದುಕೊಂಡರೆ ಎದೆಬಡಿತ, ಚಡಪಡಿಕೆ ಎಂದು ಮಾತ್ರೆಯನ್ನೇ ತಾಳಲಾರದ ನಾಲ್ವರು ರೋಗಿಗಳ ಕಥೆ ಅದು. ಹಾಗೆ ತಾಳಲಾರದವರಲ್ಲಿ ವೈದ್ಯರು ಮೊದಲು ಅನುಮಾನಿಸುವುದು ಹೃದಯದ ರಕ್ತನಾಳ ಕಟ್ಟಿಕೊಂಡಿರುವುದನ್ನು. ಇವರಲ್ಲಿ ಕಂಡದ್ದು ಕಬ್ಬಿಣದ ಕೊರತೆಯ ರಕ್ತಹೀನತೆ. ಕೆಲವು ವಾರ ಕಬ್ಬಿಣ ಕೊಟ್ಟ ಮೇಲೆ ಅದೇ ಥೈರಾಕ್ಸಿನ್ ಅವರಿಗೆ ಒಗ್ಗಿತು. ನಾಲ್ಕೇ ಜನ ಎನ್ನುವುದನ್ನು ಮರೆಯಬಾರದು. ಈ ವರದಿಯನ್ನು ಹಿಡಿದು ‘ಎದೆಬಡಿತವೆಲ್ಲ ಕಬ್ಬಿಣದ್ದು’ ಎಂದು ಸಾರುವವರನ್ನು ನಾನು ನಂಬುವುದಿಲ್ಲ. ನೋಡಬೇಕಾದ ಜಾಗ ಯಾವುದು ಎಂದು ತೋರಿಸಲು ನಾಲ್ಕು ಜನ ಸಾಕು, ನಿಯಮ ಮಾಡಲು ಸಾಲದು.

ಈ ನಂಟಿಗೆ ಇನ್ನೊಂದು ದಿಕ್ಕೂ ಇದೆ. ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸಲು ಬಳಸುವ ಪೆರಾಕ್ಸಿಡೇಸ್ ಎಂಬ ಕಿಣ್ವಕ್ಕೇ ಕಬ್ಬಿಣ ಬೇಕು. ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್‌ನಲ್ಲಿ ಗಳಗಂಡವಿದ್ದ ಮಕ್ಕಳಿಗೆ ಅಯೋಡಿನ್ ಎಣ್ಣೆ ಕೊಟ್ಟಾಗ, ರಕ್ತಹೀನತೆ ಇಲ್ಲದ ಮಕ್ಕಳ ಕುತ್ತಿಗೆ ಇಳಿಯಿತು, ಕಬ್ಬಿಣದ ಕೊರತೆಯಿದ್ದ ಮಕ್ಕಳಲ್ಲಿ ಬಹಳ ಕಾಲ ಹಾಗೇ ಉಳಿಯಿತು. ಟರ್ಕಿಯಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದು ಹಿಂದುಮುಂದಾಗಿ ಅದನ್ನೇ ಹೇಳಿತು: ಥೈರಾಯ್ಡ್ ತುಸು ಮಂದವಾಗಿದ್ದು ಕಬ್ಬಿಣವೂ ಕಡಿಮೆ ಇದ್ದವರಲ್ಲಿ, ಕಬ್ಬಿಣ ಮಾತ್ರ ತಿಂದವರಿಗಿಂತ ಥೈರಾಕ್ಸಿನನ್ನೂ ಜೊತೆಗೆ ತೆಗೆದುಕೊಂಡವರ ಹಿಮೋಗ್ಲೋಬಿನ್ ಚೆನ್ನಾಗಿ ಏರಿತು. ಒಂದನ್ನು ಬಿಟ್ಟು ಇನ್ನೊಂದನ್ನು ಸರಿಮಾಡುವುದು ಕಷ್ಟ.

ಥೈರಾಯ್ಡ್ ಮಂದವಾದವರಿಗೇ ಕಬ್ಬಿಣ ಯಾಕೆ ಖಾಲಿಯಾಗುತ್ತದೆ? ಮೊದಲ ಕಾರಣ ಮುಟ್ಟಿನದು. ಹಾರ್ಮೋನು ಕಡಿಮೆಯಾದಾಗ ತಿಂಗಳ ಸ್ರಾವ ಹೆಚ್ಚಾಗುತ್ತದೆ, ಹೆಚ್ಚು ದಿನ ಹೋಗುತ್ತದೆ. ‘ಅದು ಎಲ್ಲರಿಗೂ ಇದ್ದದ್ದೇ’ ಎಂದು ನಮ್ಮ ಕಡೆ ಯಾರೂ ಅದನ್ನು ಡಾಕ್ಟರಿಗೆ ಹೇಳುವುದಿಲ್ಲ, ಗಂಡಸು ಡಾಕ್ಟರಾದರೆ ಕೇಳಿದರೂ ಹೇಳುವುದಿಲ್ಲ. ಎರಡನೆಯದು ಹೊಟ್ಟೆಯದು. ಗ್ರಂಥಿಯ ಮೇಲೆ ತಿರುಗಿಬೀಳುವ ಅದೇ ರಕ್ಷಣಾ ವ್ಯವಸ್ಥೆ ಕೆಲವರಲ್ಲಿ ಜಠರದ ಒಳಪದರದ ಮೇಲೂ ಬೀಳುತ್ತದೆ. ಆಗ ಜಠರದ ಆಮ್ಲ ಕಡಿಮೆಯಾಗಿ ಕಬ್ಬಿಣ ಹತ್ತುವುದಿಲ್ಲ, ಬಿ12 ಕೂಡ ಹತ್ತುವುದಿಲ್ಲ. ಬಿ12 ಕೊರತೆಯಿಂದಲೂ ರಕ್ತಹೀನತೆ, ಎದೆಬಡಿತ, ಕೈಕಾಲು ಜೋಮು ಬರುತ್ತವೆ. ಮೈಸೂರಿಗರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 43 ಮಂದಿಗೆ ಬಿ12 ಕಡಿಮೆ ಇತ್ತು. ಇದು ದೂರದ ಊರಿನ ಅಂಕಿಯಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರದವರೂ ದೊಡ್ಡ ಆಸ್ಪತ್ರೆಗೆಂದು ಹೋಗುವ ಊರಿನದು.

ಈಗ ಫೆರಿಟಿನ್. ಹಿಮೋಗ್ಲೋಬಿನ್ ಕೈಯಲ್ಲಿರುವ ಚಿಲ್ಲರೆ ಕಾಸಾದರೆ ಫೆರಿಟಿನ್ ಗಂಟು ಕಟ್ಟಿಟ್ಟ ಹಣದ ಲೆಕ್ಕ. ಗಂಟು ಪೂರ್ತಿ ಕರಗಿದ ಮೇಲಷ್ಟೇ ಚಿಲ್ಲರೆಗೆ ಬರ ಬರುತ್ತದೆ. ಹಿಮೋಗ್ಲೋಬಿನ್ 12 ದಾಟಿದೆ, ರಕ್ತ ಸರಿಯಿದೆ ಎಂದು ಮನೆಗೆ ಕಳಿಸಿದವರಲ್ಲೂ ದಾಸ್ತಾನು ಬರಿದಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಫೆರಿಟಿನ್ ಇದ್ದರೆ ಕೊರತೆ ಎನ್ನುತ್ತದೆ, ಸೋಂಕು ಅಥವಾ ಉರಿಯೂತ ಇದ್ದರೆ 70 ಎನ್ನುತ್ತದೆ. ಅನೇಕ ವೈದ್ಯರು ನಿತ್ಯದ ಬಳಕೆಯಲ್ಲಿ 30 ಎಂಬ ಗೆರೆ ಇಟ್ಟುಕೊಂಡಿದ್ದಾರೆ, ನನಗೂ ಅದು ಒಪ್ಪಿಗೆ. ಮಾರ್ಗಸೂಚಿಯಲ್ಲಿ 15, 70 ಎಂದು ಎರಡು ಗೆರೆ ಯಾಕೆಂದರೆ, ಜ್ವರ, ಕೀಲುನೋವು, ಯಕೃತ್ತಿನ ತೊಂದರೆ ಇದ್ದಾಗ ಫೆರಿಟಿನ್ ಸುಮ್ಮನೆ ಏರುತ್ತದೆ, ಇಲ್ಲದ ದಾಸ್ತಾನು ಇದೆಯೆಂದು ತೋರಿಸುತ್ತದೆ. ‘ಥೈರಾಯ್ಡ್ ಇದ್ದವರ ಫೆರಿಟಿನ್ 100 ದಾಟಲೇಬೇಕು’ ಎಂಬ ಮಾತು ಈಚೆಗೆ ಮೊಬೈಲುಗಳಲ್ಲಿ ಓಡಾಡುತ್ತಿದೆ. ಅದಕ್ಕಿರುವ ಆಧಾರ ತೆಳು. 12 ಇರುವವರು 40ಕ್ಕೆ ಬರುವುದು ದೊಡ್ಡ ವಿಷಯ. 60 ಇರುವವರು 100ಕ್ಕೆಂದು ಹೊಟ್ಟೆ ಕೆಡಿಸಿಕೊಳ್ಳುವುದು ಬೇಡ.

ನಂಜನಗೂಡು ಪಕ್ಕದ ಕಳಲೆಯಂಥ ಊರಿನಲ್ಲಿ ಈ ಕಥೆ ನಿಜವಾಗಿ ನಡೆಯುವುದು ಬೆಳಗಿನ ಅಡುಗೆಮನೆಯಲ್ಲಿ. ಥೈರಾಕ್ಸಿನ್ ಬಹಳ ನಾಜೂಕಿನ ಮಾತ್ರೆ, ಖಾಲಿ ಹೊಟ್ಟೆ ಬೇಕು, ಬರೀ ನೀರು ಬೇಕು. ಕಬ್ಬಿಣ ಅದರ ಪಕ್ಕದಲ್ಲಿ ಬಂದರೆ ಎರಡೂ ಹೊಟ್ಟೆಯಲ್ಲೇ ಅಂಟಿಕೊಂಡು ಹೊರಗೆ ಹೋಗುತ್ತವೆ. 1992ರಲ್ಲಿ ಅಮೆರಿಕದಲ್ಲಿ, ಥೈರಾಕ್ಸಿನ್ ಡೋಸು ಸರಿಹೊಂದಿದ್ದ 14 ಮಂದಿಗೆ 12 ವಾರ ಅದರ ಜೊತೆಗೇ ಫೆರಸ್ ಸಲ್ಫೇಟ್ ಕೊಟ್ಟು ನೋಡಿದರು. ಸರಾಸರಿ ಟಿಎಸ್‌ಎಚ್ 1.6ರಿಂದ 5.4ಕ್ಕೆ ಏರಿತು. ಅಂದರೆ ಮಾತ್ರೆ ತಪ್ಪದೆ ನುಂಗಿದರೂ ಅವರು ಮತ್ತೆ ಮಂದ ಥೈರಾಯ್ಡಿನವರಾದರು. ಎರಡನ್ನೂ ಒಟ್ಟಿಗೆ ನುಂಗುವ ರೋಗಿಗೆ ಡಾಕ್ಟರು ಡೋಸು ಏರಿಸುತ್ತಾರೆ, ಮುಂದೆ ಕಬ್ಬಿಣ ನಿಲ್ಲಿಸಿದ ದಿನ ಆ ಏರಿಸಿದ ಡೋಸು ಪೂರ್ತಿ ಹತ್ತುತ್ತದೆ, ಎದೆ ಡವಗುಟ್ಟುತ್ತದೆ. ಎದೆಬಡಿತಕ್ಕೆ ಇದೂ ಒಂದು ದಾರಿ, ಇದನ್ನು ಯಾರೂ ಅನುಮಾನಿಸುವುದಿಲ್ಲ.

ಎರಡರ ನಡುವೆ ನಾಲ್ಕು ಗಂಟೆ ಅಂತರ ಇರಬೇಕು. ಕ್ಯಾಲ್ಸಿಯಂ ಮಾತ್ರೆಗೂ ಅದೇ ನಾಲ್ಕು ಗಂಟೆ. ಎದ್ದ ಕೂಡಲೇ ಲೋಟ ನೀರಿನ ಜೊತೆ ಥೈರಾಯ್ಡ್ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ. ಈ ಅರ್ಧ ಗಂಟೆಯೇ ನಮ್ಮವರಿಗೆ ಕಷ್ಟ. ನೆಸ್ಕೆಫೆ ತಯಾರಿಸುವ ನೆಸ್ಲೆ ಕಾರ್ಖಾನೆಯೇ ನಂಜನಗೂಡಿನಲ್ಲಿರುವಾಗ, ಫಿಲ್ಟರ್ ಕಾಫಿಯಿಲ್ಲದೆ ಮೈಸೂರು ಕಡೆಯ ಬೆಳಗೇ ಆಗದಿರುವಾಗ, ಮಾತ್ರೆ ಕಾಫಿಯ ಜೊತೆಗೇ ಇಳಿದುಹೋಗುತ್ತದೆ. ಇಟಲಿಯಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಾತ್ರೆಯ ಬೆನ್ನಿಗೇ ಕಾಫಿ ಕುಡಿಯುವವರಲ್ಲಿ ಥೈರಾಕ್ಸಿನ್ ಸರಿಯಾಗಿ ಹತ್ತುವುದಿಲ್ಲ ಎಂದು ತೋರಿಸಿದೆ. ಬೆಳಿಗ್ಗೆ ರಾಗಿ ಗಂಜಿ ಕುಡಿಯುವವರಿಗೂ ಅದೇ ಮಾತು: ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬಾಯಿಗೆ ಎಲೆಅಡಿಕೆ, ಸುಣ್ಣ ಹಾಕಿಕೊಂಡೇ ದಿನ ಶುರು ಮಾಡುವ ಅಜ್ಜಿಯರೂ ಆ ಒಂದು ಗಂಟೆ ತಡೆಯುವುದು ಒಳ್ಳೆಯದು; ಸುಣ್ಣವೂ ಕ್ಯಾಲ್ಸಿಯಮ್ಮೇ, ಅಡಿಕೆಗೆ ತಾನೇ ಎದೆ ಓಡಿಸುವ ಗುಣವಿದೆ. ಬೆಳಿಗ್ಗೆ ಇದೆಲ್ಲ ಸಾಧ್ಯವಿಲ್ಲದವರು ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಲಗುವ ಮುಂಚೆ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳಬಹುದು, ಡಾಕ್ಟರಿಗೆ ಹೇಳಿ.

ಕಬ್ಬಿಣಕ್ಕೂ ಶತ್ರುಗಳಿದ್ದಾರೆ, ಸ್ನೇಹಿತರಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಯುವತಿಯರಿಗೆ ಅನ್ನದೂಟ ಬಡಿಸಿ ಅಳೆದ ಅಧ್ಯಯನ 2008ರಲ್ಲಿ ಬಂತು: ಊಟದ ಜೊತೆ ಒಂದು ಲೋಟ ಚಹಾ ಕುಡಿದರೆ ಹತ್ತುವ ಕಬ್ಬಿಣ ಸುಮಾರು ಅರ್ಧಕ್ಕೆ ಇಳಿಯಿತು, ವಿಟಮಿನ್ ಸಿ ಸೇರಿಸಿದರೆ ಹಲವು ಪಟ್ಟು ಏರಿತು. ಬಸ್ಸಾರಿಗೆ, ಹುರುಳಿಕಾಳಿನ ಸಾರಿಗೆ ನಿಂಬೆಹಣ್ಣು ಹಿಂಡುವುದು, ಊಟಕ್ಕೆ ನೆಲ್ಲಿಕಾಯಿ ನಂಜಿಕೊಳ್ಳುವುದು ಇಲ್ಲಿ ಕೆಲಸಕ್ಕೆ ಬರುತ್ತವೆ. ಆದರೆ ದಾಸ್ತಾನು ಖಾಲಿಯಾದ ಮೇಲೆ ಸೊಪ್ಪಿನಿಂದಲೇ ತುಂಬಿಸುತ್ತೇನೆ ಎನ್ನುವುದು ಆಗದ ಮಾತು, ಮಾತ್ರೆ ಬೇಕು. ದಿನಕ್ಕೆ ಮೂರು ಹೊತ್ತು ನುಂಗುವ ಹಳೆಯ ಪದ್ಧತಿಯೂ ಬೇಡ. ಒಂದು ಡೋಸು ಒಳಗೆ ಹೋದೊಡನೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಸುಮಾರು ಒಂದು ದಿನ ಕರುಳಿನ ಬಾಗಿಲು ಅರ್ಧ ಮುಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಡೆದ 2017ರ ಪ್ರಯೋಗದಲ್ಲಿ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೆಚ್ಚು ಕಬ್ಬಿಣ ಹತ್ತಿತು. ಹೊಟ್ಟೆ ಉರಿ, ಮಲಬದ್ಧತೆ ಎಂದು ಮಾತ್ರೆ ಬಿಟ್ಟವರಿಗೆ ಇದು ನೆಮ್ಮದಿಯ ಸುದ್ದಿ. ಮಲ ಕಪ್ಪಾಗುವುದಕ್ಕೆ ಹೆದರಬೇಕಿಲ್ಲ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಗಂಟು ತುಂಬಲು ಇನ್ನೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕು. ಬಹುತೇಕರು ನಿಲ್ಲಿಸುವುದು ಸರಿಯಾಗಿ ಅಲ್ಲೇ.

ಎಲ್ಲರಿಗಿಂತ ಸಿಕ್ಕಿನಲ್ಲಿರುವವಳು ಥೈರಾಯ್ಡ್ ಇರುವ ಗರ್ಭಿಣಿ. ಅವಳಿಗೆ ಥೈರಾಕ್ಸಿನ್ ಬೇಡಿಕೆ ಮೊದಲ ತಿಂಗಳುಗಳಲ್ಲೇ ಕಾಲು ಭಾಗದಿಂದ ಅರ್ಧದವರೆಗೆ ಏರುತ್ತದೆ. ಆಶಾ ಕಾರ್ಯಕರ್ತೆ ಕೊಡುವುದು ದಿನಕ್ಕೊಂದು 60 ಮಿಲಿಗ್ರಾಂ ಕಬ್ಬಿಣದ ಮಾತ್ರೆ, ಎರಡು ಕ್ಯಾಲ್ಸಿಯಂ ಮಾತ್ರೆ. ಇವೆರಡೂ ಒಂದರ ಜೊತೆ ಒಂದು ಸೇರುವಂತಿಲ್ಲ, ಥೈರಾಕ್ಸಿನ್ ಜೊತೆಗಂತೂ ಸೇರುವಂತೆಯೇ ಇಲ್ಲ. ಬೆಳಿಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆ, ಮಧ್ಯಾಹ್ನದ ಊಟದ ಜೊತೆ ಒಂದು ಕ್ಯಾಲ್ಸಿಯಂ, ಸಂಜೆ ನಾಲ್ಕಕ್ಕೆ ನಿಂಬೆ ಪಾನಕದ ಜೊತೆ ಕಬ್ಬಿಣ, ರಾತ್ರಿ ಊಟದಲ್ಲಿ ಇನ್ನೊಂದು ಕ್ಯಾಲ್ಸಿಯಂ: ಹೀಗೆ ಹಂಚಿದರೆ ಎಲ್ಲಕ್ಕೂ ಜಾಗ ಸಿಗುತ್ತದೆ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಅಂಗನವಾಡಿ ಬಿಸಿಯೂಟದಲ್ಲೇ ಕಬ್ಬಿಣದ ಮಾತ್ರೆ ನುಂಗುವವರು ಆ ಹೊತ್ತಿನ ಕ್ಯಾಲ್ಸಿಯಮ್ಮನ್ನು ಸಂಜೆಗೆ ತಳ್ಳಿದರೆ ಆಯಿತು.

ಆಯುರ್ವೇದದ ಮಾತೂ ಇಲ್ಲಿ ಬರಲೇಬೇಕು. ಬಿ.ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಕಟ್ಟಿದ ಊರು ನಂಜನಗೂಡು. ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿ ‘ಹಕೀಂ ನಂಜುಂಡ’ ಎನಿಸಿಕೊಂಡ ದೇವರ ಐತಿಹ್ಯವೂ ಇಲ್ಲಿಯದೇ. ಲೋಹಾಸವ, ಮಂಡೂರ ಭಸ್ಮಗಳಲ್ಲಿರುವುದೂ ಕಬ್ಬಿಣವೇ. ‘ಅದು ಇಂಗ್ಲಿಷ್ ಔಷಧಿ ಅಲ್ಲವಲ್ಲ’ ಎಂದು ಥೈರಾಯ್ಡ್ ಮಾತ್ರೆಯ ಪಕ್ಕದಲ್ಲೇ ತೆಗೆದುಕೊಂಡರೆ ಹೊಟ್ಟೆಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಕೂದಲು ಉದುರುತ್ತದೆಂದು ತಿನ್ನುವ ಬಯೋಟಿನ್ ಮಾತ್ರೆ ಇನ್ನೊಂದು ಬಗೆಯಲ್ಲಿ ದಾರಿ ತಪ್ಪಿಸುತ್ತದೆ. ಅದು ಹೆಚ್ಚು ಪ್ರಮಾಣದಲ್ಲಿ ರಕ್ತದಲ್ಲಿದ್ದರೆ ಕೆಲವು ಲ್ಯಾಬ್ ಯಂತ್ರಗಳು ಟಿಎಸ್‌ಎಚ್ ಇಲ್ಲದಷ್ಟು ಕಡಿಮೆ ತೋರಿಸುತ್ತವೆ. ಡೋಸು ಜಾಸ್ತಿಯಾಗಿದೆ ಎಂದು ಬೇಕಾದ ಮಾತ್ರೆಯನ್ನೇ ಇಳಿಸುವ ಸಂದರ್ಭ ಬರುತ್ತದೆ. ಪರೀಕ್ಷೆಗೆ ಎರಡು ದಿನ ಮುಂಚೆ ಅದನ್ನು ನಿಲ್ಲಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಪೂರ್ತಿ ಹೇಳಬೇಕು. ಡೋಸು ನಿಜಕ್ಕೂ ಹೆಚ್ಚಾಗಿರುವುದುಂಟು, ಅದು ಹುಡುಗಾಟವಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅರುವತ್ತು ದಾಟಿದವರನ್ನು ಹತ್ತು ವರ್ಷ ಗಮನಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಿಎಸ್‌ಎಚ್ ತೀರಾ ಕೆಳಗಿದ್ದವರಿಗೆ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತಾಳತಪ್ಪಿದ ಬಡಿತ ಮೂರು ಪಟ್ಟು ಹೆಚ್ಚು ಬಂತು. ಆ ಬಡಿತದಿಂದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಹಾಗಾಗಿ ಎದೆ ಡವಗುಟ್ಟುವವರು ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ನೋಡಬೇಕು. ವೇಗವಾಗಿದ್ದರೂ ಗಡಿಯಾರದಂತೆ ಸಮವಾಗಿದೆಯೇ, ಅಡ್ಡಾದಿಡ್ಡಿಯಾಗಿದೆಯೇ ಎನ್ನುವುದು ದೊಡ್ಡ ಸುಳಿವು. ಅಡ್ಡಾದಿಡ್ಡಿಯಾಗಿದ್ದರೆ ಅಂದೇ ಇಸಿಜಿ ಆಗಬೇಕು. ಎದೆನೋವು, ಕಣ್ಣು ಕತ್ತಲೆ ಬಂದು ಬೀಳುವುದು, ಕೂತಲ್ಲೇ ಉಸಿರಾಡಲಾಗದಿರುವುದು ಇದ್ದರೆ ಫೆರಿಟಿನ್ ಲೆಕ್ಕವೆಲ್ಲ ಆಮೇಲೆ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಮೊದಲು ಹೋಗಬೇಕು. ಮಾತ್ರೆಯ ಕಂಪನಿ ಬದಲಾದದ್ದೂ ನೆನಪಿಗೆ ಬರಲಿ. 2017ರಲ್ಲಿ ಫ್ರಾನ್ಸಿನಲ್ಲಿ ಲೆವೊಥೈರಾಕ್ಸ್ ಮಾತ್ರೆಯ ಪುಡಿಯ ಮಿಶ್ರಣ ಬದಲಿಸಿದಾಗ ಸಾವಿರಾರು ಜನ ಸುಸ್ತು, ಎದೆಬಡಿತ, ಕೂದಲುದುರು ಎಂದು ದೂರಿದರು. ಅದರಲ್ಲಿ ಎಷ್ಟು ಮಾತ್ರೆಯದು, ಎಷ್ಟು ಹೆದರಿಕೆಯದು ಎಂಬ ಜಗಳ ದೊಡ್ಡದು. ನಮ್ಮಲ್ಲಿ ಮೆಡಿಕಲ್ ಸ್ಟೋರಿನವರು ಇದ್ದ ಕಂಪನಿಯದನ್ನು ಕೊಟ್ಟು ಕಳಿಸುತ್ತಾರೆ, ಡಬ್ಬಿಯ ಹೆಸರು ಬದಲಾದದ್ದು ಡಾಕ್ಟರಿಗೂ ಗೊತ್ತಿರುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಮುಟ್ಟಾಗುವ ವಯಸ್ಸಿನ ಹೆಣ್ಣುಮಗಳಿಗೆ ಥೈರಾಯ್ಡ್ ಮಾತ್ರೆ ಬರೆಯುವ ದಿನವೇ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ಬರೆಯಬೇಕು. ಒಂದೇ ಚುಚ್ಚಿನ ರಕ್ತ, ಕೆಲವು ನೂರು ರೂಪಾಯಿ ಹೆಚ್ಚು. 2018ರಿಂದ ನಡೆಯುತ್ತಿರುವ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಹಿಮೋಗ್ಲೋಬಿನ್ ನೋಡಿ ಮಾತ್ರೆ ಕೊಡುತ್ತದೆ. ಕೋಟಿ ಜನಕ್ಕೆ ಅದೇ ಸಾಧ್ಯ, ತಪ್ಪೇನಿಲ್ಲ. ಆದರೆ ದಿನವೂ ಥೈರಾಕ್ಸಿನ್ ನುಂಗುವವಳು ಆ ಕೋಟಿಯೊಳಗಿನ ಬೇರೆ ಗುಂಪು, ಅವಳಿಗೆ ಮಾತ್ರೆ ಕೊಟ್ಟರೆ ಸಾಲದು, ಹೊತ್ತನ್ನೂ ಹೇಳಿಕೊಡಬೇಕು. ಮಾತ್ರೆಗೆ ಜಗ್ಗದವರಿಗೆ, ಹೊಟ್ಟೆಗೆ ಒಗ್ಗದವರಿಗೆ ನರಕ್ಕೆ ಕೊಡುವ ಕಬ್ಬಿಣವೂ ಈಗ ಮೈಸೂರಿನಲ್ಲಿ ಸಿಗುತ್ತದೆ. ಪರೀಕ್ಷಿಸದೆ ಕಬ್ಬಿಣ ತಿನ್ನುವುದು ಮಾತ್ರ ಬೇಡ. ತಲಸ್ಸೆಮಿಯದ ಗುಣ ಹೊತ್ತವರಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದ್ದರೂ ಕಬ್ಬಿಣ ಸಾಕಷ್ಟಿರಬಹುದು, ಮಾತ್ರೆ ಹಾಕಿದಷ್ಟೂ ಅದು ಅಂಗಾಂಗಗಳಲ್ಲಿ ತುಂಬುತ್ತದೆ. ಕೆಂಪು ಮಾತ್ರೆಯನ್ನು ಮಿಠಾಯಿ ಎಂದು ಮಕ್ಕಳು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಅಪಾಯ, ಎತ್ತರದಲ್ಲಿಡಬೇಕು.

ಮುಟ್ಟು ನಿಂತ ಹೆಂಗಸಿಗೋ ಗಂಡಸಿಗೋ ಫೆರಿಟಿನ್ ಕಡಿಮೆ ಬಂದರೆ ಪ್ರಶ್ನೆಯೇ ಬದಲಾಗುತ್ತದೆ. ಅವರಲ್ಲಿ ಕಬ್ಬಿಣ ಕಳೆದುಹೋಗಲು ತಿಂಗಳ ಸ್ರಾವದ ಕಾರಣವಿಲ್ಲ, ಹೊಟ್ಟೆ ಕರುಳಿನಲ್ಲೆಲ್ಲೋ ರಕ್ತ ಸೋರುತ್ತಿರಬಹುದು. ಗದ್ದೆಯಲ್ಲಿ ಬರಿಗಾಲಲ್ಲಿ ನಡೆದವರ ಕೊಕ್ಕೆಹುಳು, ಮೂಲವ್ಯಾಧಿ, ನೋವಿನ ಮಾತ್ರೆಯಿಂದಾದ ಹುಣ್ಣು, ಕರುಳಿನ ಗಡ್ಡೆ: ಇವನ್ನೆಲ್ಲ ಹುಡುಕಬೇಕು. ಅಂಥವರಿಗೆ ಬರೀ ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಹಿಮೋಗ್ಲೋಬಿನ್ ಏರುತ್ತದೆ, ಎದೆಬಡಿತವೂ ಇಳಿಯುತ್ತದೆ, ಸೋರುವುದು ಮಾತ್ರ ಒಳಗೇ ಮುಂದುವರಿಯುತ್ತದೆ.